ಪದ್ಮಿನಿಯ ಎಂಜಿನ್ ಇಳಿಸುವ ಮುನ್ನ

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಜನ್ಮ ತಾಳಿ, ದಶಕಗಳ ಕಾಲ ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಸಂಚರಿಸಿ, 2023ರ ಅಕ್ಟೋಬರಿನಲ್ಲಿ ಆ ಸೇವೆಯಿಂದ ನಿವೃತ್ತವಾದ ಪದ್ಮಿನಿ ಕಾರನ್ನು ಮಾಟುಂಗದ ಮನೆಯಂಗಳದಲ್ಲಿ ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಸಜ್ಜನರು, ಅದರ 1089 ಸಿಸಿಯ ಎಂಜಿನನ್ನು ಸ್ವಹಸ್ತದಿಂದಲೇ ಹೊರತೆಗೆಯಲು ಉದ್ಯುಕ್ತರಾದಲ್ಲಿ, ಕಿಂಗ್ಸ್ ಸರ್ಕಲ್ಲಿನಲ್ಲಿ ನೀರು ನಿಲ್ಲುವ ಮಳೆಗಾಲವನ್ನು ಕಳೆದೇ ಕಾರ್ಯಾರಂಭ ಮಾಡುವುದು ಲೇಸು.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿರಿ. ತಣ್ಣಗಾದ ಮೇಲೆಯೇ ರೇಡಿಯೇಟರಿನ ನೀರನ್ನು ಬಸಿಯಿರಿ. ಪೆಟ್ರೋಲ್ ನಳಿಗೆಯ ಬಾಯನ್ನು ಭದ್ರವಾಗಿ ಮುಚ್ಚಿ, ಬೀಡಿ ಸೇದುವ ಮಿತ್ರರನ್ನು ದೂರವಿಡಿರಿ. ಬಿಚ್ಚಿದ ಪ್ರತಿಯೊಂದು ತಂತಿಗೂ ಚೀಟಿ ಕಟ್ಟುವ ತಾಳ್ಮೆ, ಮರುಜೋಡಣೆಯ ದಿನ ಅಮೂಲ್ಯವೆನಿಸುವುದು.

ಆದರೆ ನಿಜವಾದ ಜಾಗರೂಕತೆ ಬೇಕಾದುದು, ಗೇರ್‌ಬಾಕ್ಸಿನಿಂದ ಎಂಜಿನ್ ಬೇರ್ಪಡುವ ಆ ಕ್ಷಣದಲ್ಲಿ. ಗೇರ್‌ಬಾಕ್ಸಿನ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಎಂಜಿನನ್ನು ಚೈನ್ ಬ್ಲಾಕಿಗೆ ತೂಗಿಹಾಕಿದ ಮೇಲೆ, ಅದನ್ನು ನೇರವಾಗಿ ಮುಂದಕ್ಕೆಳೆದು ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ಚಿನಿಂದ ಪೂರ್ಣವಾಗಿ ಹೊರಬಂದ ನಂತರವೇ ಮೇಲಕ್ಕೆತ್ತತಕ್ಕದ್ದು. ಎಂಜಿನಿನ ಭಾರ ಆ ಶಾಫ್ಟಿನ ಮೇಲೆ ಬಿದ್ದಿತೆಂದರೆ ಕ್ಲಚ್ ಪ್ಲೇಟು ಬಾಗಿ, ಹೊಸತೊಂದರ ವೆಚ್ಚ ತಲೆಗೆ ಬರುವುದು. ಅಲುಗಾಡಿಸಿದರೂ ಜಗ್ಗದಿದ್ದರೆ ಸನ್ನೆಕೋಲನ್ನು ಹಿಡಿಯದೆ, ಮರೆತುಳಿದ ಬೋಲ್ಟೊಂದನ್ನು ಹುಡುಕಿರಿ. ಬಹುಪಾಲು ಅದೇ ಕಾರಣವಾಗಿರುತ್ತದೆ. ಚೈನ್ ಬ್ಲಾಕನ್ನು ಮರದ ಕೊಂಬೆಗಾಗಲಿ, ಹಳೆಯ ಕಟ್ಟಡದ ತೊಲೆಗಾಗಲಿ ಕಟ್ಟದೆ, ಬಾಡಿಗೆಗೆ ತಂದ ಕಬ್ಬಿಣದ ಮುಕ್ಕಾಲಿಗೇ ಕಟ್ಟಬೇಕು. ತೂಗುವ ಎಂಜಿನಿನ ಕೆಳಗೆ, ಕ್ಷಣಮಾತ್ರಕ್ಕೂ, ಯಾರೊಬ್ಬರ ಕೈಯೂ ಹೋಗಕೂಡದು. ಎಂಜಿನಿನಿಂದ ಬಸಿದ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿರಿ.