ಹಂಚಿಕೊಂಡ ಕಂಪ್ಯೂಟರ್, ಉಳಿದುಹೋದ ಲಾಗಿನ್

ರೋಣ, ನರಗುಂದ, ಗಜೇಂದ್ರಗಡದ ವಿದ್ಯಾರ್ಥಿಗಳಿಗೆ ಗಿಟ್ ಕಲಿಸುತ್ತ ನನಗೆ ಮನವರಿಕೆಯಾದ ಸಂಗತಿ ಒಂದಿದೆ. ಗಿಟ್ ಪಾಠಗಳು ಸಾಮಾನ್ಯವಾಗಿ ಒಬ್ಬರಿಗೆ ಒಂದು ಕಂಪ್ಯೂಟರ್ ಇದೆಯೆಂದು ನಂಬಿ ಬರೆದವು. ನಮ್ಮ ಕಡೆ ಹಾಗಿಲ್ಲ. ಬೆಳಿಗ್ಗೆ ರೋಣದ ಹುಡುಗಿ ಕೂತಿದ್ದ ಯಂತ್ರದ ಮುಂದೆ ಮಧ್ಯಾಹ್ನ ನರಗುಂದದ ಹುಡುಗ ಕೂರುತ್ತಾನೆ. ವಿಂಡೋಸ್ ಲಾಗಿನ್ ಮಾತ್ರ ಎಲ್ಲರಿಗೂ ಒಂದೇ.

ಗಜೇಂದ್ರಗಡದ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟನ್ನು ಗಿಟ್‌ಹಬ್‌ಗೆ ಪುಶ್ ಮಾಡಹೋದಾಗ 403 ಎಂಬ ಎರರ್ ಬಂತು. "ಸರ್, ಪರ್ಮಿಷನ್ ಇಲ್ಲ ಅನ್ನಾಕತ್ತೈತ್ರಿ. ಅದರಾಗ ಬ್ಯಾರೆಯವರ ಹೆಸರು ತೋರಸ್ತೈತ್ರಿ" ಎಂದಳು. ಬ್ರೌಸರ್‌ನಲ್ಲಿ ಮೊದಲು ಕೂತಿದ್ದವರ ಖಾತೆಯಿಂದ ಲಾಗೌಟ್ ಆಗಿ ತನ್ನದಕ್ಕೆ ಬಂದಿದ್ದಳು. ಗಿಟ್ ಕಾನ್ಫಿಗ್‌ನಲ್ಲಿ ತನ್ನ ಹೆಸರು, ಇಮೇಲ್ ಹಾಕಿದ್ದಳು. ಆದರೂ ಎರರ್ ಹೋಗಲಿಲ್ಲ.

ಕಾರಣ ಸರಳ. ಕಾನ್ಫಿಗ್‌ನಲ್ಲಿ ಬರೆಯುವ ಹೆಸರು ಕಾಮಿಟ್‌ನ ಮೇಲೆ ಬೀಳುವ ಹೆಸರಷ್ಟೇ. ಸರ್ವರ್ ಅದನ್ನು ನೋಡಿ ಒಳಗೆ ಬಿಡುವುದಿಲ್ಲ. ಬ್ರೌಸರ್‌ನ ಲಾಗಿನ್ ಬೇರೆ, ಗಿಟ್ ಬಳಸುವ ಲಾಗಿನ್ ಬೇರೆ. ವಿಂಡೋಸ್‌ನಲ್ಲಿ ಗಿಟ್‌ನ ಲಾಗಿನ್ ಸಾಮಾನ್ಯವಾಗಿ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿರುತ್ತದೆ. ಅಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್ ತೆರೆದು, ಜೆನೆರಿಕ್ ಪಟ್ಟಿಯಲ್ಲಿ 'ಗಿಟ್' ಎಂದು ಶುರುವಾಗುವ ಗಿಟ್‌ಹಬ್ ವಿಳಾಸ ಹುಡುಕಿ ರಿಮೂವ್ ಒತ್ತಿದೆವು. ಮುಂದಿನ ಪುಶ್‌ಗೆ ಗಿಟ್ ಹೊಸದಾಗಿ ಲಾಗಿನ್ ಕೇಳಿತು.

ಅಂದಿನಿಂದ ಅಳಿಸುವ ಮೊದಲು ಹುಡುಕುವುದನ್ನೇ ಹೆಚ್ಚು ಕಲಿಸುತ್ತೇನೆ. ಲಾಗಿನ್ ನೆನಪಿಡಲು ಗಿಟ್‌ಗೆ ಯಾವ ಕ್ರೆಡೆನ್ಶಿಯಲ್ ಹೆಲ್ಪರ್ ಹೊಂದಿಸಿದೆ ಎಂಬುದನ್ನು ಮೊದಲು ನೋಡಬೇಕು. ಲಿನಕ್ಸ್‌ನಲ್ಲಿ 'ಕ್ಯಾಶ್' ಇದ್ದರೆ ಲಾಗಿನ್ ಮೆಮೊರಿಯಲ್ಲಿದ್ದು, ಬೇರೆ ಅವಧಿ ಹೇಳದಿದ್ದರೆ 15 ನಿಮಿಷದಲ್ಲಿ ತಾನೇ ಹೋಗುತ್ತದೆ. 'ಸ್ಟೋರ್' ಇದ್ದರೆ ಹೋಮ್ ಫೋಲ್ಡರ್‌ನ ಗುಪ್ತ ಫೈಲಿನಲ್ಲಿ ಸಾದಾ ಅಕ್ಷರದಲ್ಲೇ ಬರೆದಿಟ್ಟಿರುತ್ತದೆ; ಅದೇ ಯೂಸರ್ ಲಾಗಿನ್ ಬಳಸುವ ಯಾರು ಬೇಕಾದರೂ ಅದನ್ನು ಓದಬಹುದು. ಹಂಚಿಕೊಂಡ ಯಂತ್ರಕ್ಕೆ ಅದು ಸಲ್ಲದು. ಕೆಲವರು ಪಾಸ್‌ವರ್ಡ್ ಬದಲು ಬಳಸುವ ಟೋಕನ್ನನ್ನು ರಿಮೋಟ್ ವಿಳಾಸದೊಳಗೇ ಸೇರಿಸುತ್ತಾರೆ. ಆಗ ಅದು ಪ್ರಾಜೆಕ್ಟ್ ಫೋಲ್ಡರ್‌ನ ಗಿಟ್ ಕಾನ್ಫಿಗ್ ಫೈಲಿನಲ್ಲೇ ಉಳಿಯುತ್ತದೆ. ಗಿಟ್ ಬದಲು ಹಳೆಯ ಸಬ್‌ವರ್ಷನ್ ಬಳಸುವವರು ಅದರ 'ಆಥ್' ಫೋಲ್ಡರ್ ನೋಡಬೇಕು. ಟಾರ್ಟಾಯ್ಸ್ ಎಸ್‌ವಿಎನ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಸೇವ್ಡ್ ಡೇಟಾದಲ್ಲೇ ಕ್ಲಿಯರ್ ಗುಂಡಿ ಇದೆ.

ಯಂತ್ರದಿಂದ ಅಳಿಸಿದರೆ ಕೆಲಸ ಅರ್ಧ ಮಾತ್ರ ಮುಗಿಯಿತು. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು. ಈಗ ಬಳಕೆಯಲ್ಲಿರುವುದು ಟೋಕನ್ ಇಲ್ಲವೇ ಎಸ್‌ಎಸ್‌ಎಚ್ ಕೀ. ಯಾರಾದರೂ ಆ ಟೋಕನ್ ನಕಲು ಮಾಡಿಕೊಂಡಿದ್ದರೆ ಇಲ್ಲಿ ಅಳಿಸಿದ್ದು ಅವರನ್ನು ತಡೆಯದು. ಮನೆಯ ಕೀಲಿಕೈ ಕಳೆದರೆ ಕೀಲಿಯನ್ನೇ ಬದಲಿಸುವ ಹಾಗೆ, ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಟೋಕನ್ನನ್ನೇ ರದ್ದು ಮಾಡಬೇಕು. ಎಸ್‌ಎಸ್‌ಎಚ್ ಕೀಗೂ ಇದೇ ಮಾತು. ಹೊಸ ಟೋಕನ್ ಮಾಡುವಾಗ ಕಡಿಮೆ ಅವಧಿ ಕೊಟ್ಟು, ಬೇಕಾದ ರೆಪೊಸಿಟರಿಗೆ ಮಾತ್ರ ಅನುಮತಿ ಕೊಡುವುದು ಒಳ್ಳೆಯದು.

ವಿದ್ಯಾರ್ಥಿಗೆ ಗಿಟ್‌ಹಬ್ ಖಾತೆಯೆಂದರೆ ನಾಳೆ ಕೆಲಸ ಕೇಳುವಾಗ ತೋರಿಸುವ ದುಡಿಮೆ. ಸ್ವಂತ ಲ್ಯಾಪ್‌ಟಾಪ್ ಇಲ್ಲ ಎಂಬ ಕಾರಣಕ್ಕೆ ಅದು ಇನ್ನೊಬ್ಬರ ಕೈಗೆ ಸಿಗಬಾರದು. ಲ್ಯಾಬ್ ನಡೆಸುವವರು ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಲಾಗಿನ್ ಮಾಡಿಕೊಟ್ಟರೆ ಈ ತೊಂದರೆ ಬಹುಪಾಲು ಹುಟ್ಟುವುದೇ ಇಲ್ಲ. ಅದು ಆಗುವವರೆಗೆ, ಪುಶ್ ಕಲಿಸುವ ದಿನವೇ ಲಾಗಿನ್ ಅಳಿಸುವುದನ್ನೂ ಕಲಿಸಬೇಕು.