ಕಾಣದ ಖಾಲಿ ಜಾಗ

ಒಡಲಿಗೆ ಸೆರಗನ್ನು ಕೊಂಡಿ ಹಾಕಿ ನೇಯುವ ಇಳಕಲ್ಲಿನವರಿಗೆ ಎಳೆ ತಪ್ಪಿದರೇನಾಗುತ್ತದೆಂದು ನಾನು ಹೇಳಬೇಕಿಲ್ಲ. ಲೆಕ್ಕದ ಪಟ್ಟಿಯಲ್ಲೂ ಹಾಗೆಯೇ: ಹುನಗುಂದ, ಬಾದಾಮಿಯ ಸೀರೆ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಕೂಡಿಸಿದಾಗ ‘ಗೋಮಿ’ ದಡಿ ಎರಡು ಸಾಲಾಗಿ ಬಂತೇ? ಒಂದರ ಬೆನ್ನಿಗೆ ಕಾಣದ ಖಾಲಿ ಜಾಗ ಅಂಟಿರಬಹುದು. ಹೆಚ್ಚುವರಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್‌ಗೂ ಅದು ಜಗ್ಗದಿದ್ದರೆ, ವೆಬ್‌ನಿಂದ ನಕಲಾಗಿ ಬಂದ ಯೂನಿಕೋಡ್ 160 ಇರಬಹುದು. ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಿಂದ ಅದನ್ನು ಸಾದಾ ಜಾಗ ಮಾಡಿ, ಆಮೇಲೆ ಟ್ರಿಮ್ ಹಾಕಿ.

ಈ ಉದ್ದನೆಯ ಸೂತ್ರವನ್ನು ನೂರು ಕಡೆ ಅಂಟಿಸುತ್ತ ಕೂರಬೇಡಿ, ಮಾರಾಯರೇ. ಲ್ಯಾಂಬ್ಡಾ ಫಂಕ್ಷನ್‌ನಲ್ಲಿ ಒಮ್ಮೆ ಬರೆದು, ನೇಮ್ ಮ್ಯಾನೇಜರ್‌ನಲ್ಲಿ ಹೆಸರಿಡಿ. ಆದರೆ ಆ ಹೆಸರು ಆ ಕಡತದೊಳಗೆ ಮಾತ್ರ ಬದುಕುತ್ತದೆ; ಎಕ್ಸೆಲ್ 2019ರಲ್ಲಿ ಲ್ಯಾಂಬ್ಡಾವೇ ಇಲ್ಲ. ಕಳಿಸುವ ಮುನ್ನ ಎದುರಿನವರ ಆವೃತ್ತಿ ಕೇಳಿಕೊಳ್ಳಿ. ಮೂಲ ಕಾಲಮ್ಮನ್ನಂತೂ ಅಳಿಸಲೇಬೇಡಿ, ಪಕ್ಕದಲ್ಲಿರಲಿ.