ತಲೆಸುತ್ತಿಗೂ ಮೈಗ್ರೇನಿಗೂ ನಂಟಿದೆ: ಮಾಡಬೇಕಾದ್ದು, ಮಾಡಬಾರದ್ದು

ಮೈಗ್ರೇನ್ ಅಂದರೆ ಅರೆತಲೆನೋವು ಇರುವವರು, ಹಿಂದೆ ಇದ್ದು ಈಗ ಬಿಟ್ಟುಹೋಗಿದೆ ಎನ್ನುವವರು, ಅವರ ಮನೆಯವರು ಇದನ್ನು ಓದಬೇಕು.

ತಲೆ ನೋಯುತ್ತಿಲ್ಲ, ಹಾಗಾಗಿ ಇದು ಮೈಗ್ರೇನ್ ಅಲ್ಲ ಎಂದು ತೀರ್ಮಾನಿಸಬೇಡಿ. ಮೈಗ್ರೇನ್ ಮಿದುಳಿನ ಕಾಯಿಲೆ. ನೋವು ಅದರ ಒಂದು ಮುಖ ಮಾತ್ರ. ದೇಹದ ಸಮತೋಲ ನೋಡಿಕೊಳ್ಳುವ ಭಾಗಗಳನ್ನು ಅದು ಕೆಣಕಿದರೆ ತಲೆ ಸುತ್ತುತ್ತದೆ. ಇದಕ್ಕೆ ವೆಸ್ಟಿಬ್ಯುಲರ್ ಮೈಗ್ರೇನ್ ಎನ್ನುತ್ತಾರೆ. ಸುತ್ತು ನೋವಿಗಿಂತ ಮೊದಲು ಬರಬಹುದು, ಜೊತೆಗೆ ಬರಬಹುದು, ನೋವೇ ಇಲ್ಲದೆಯೂ ಬರಬಹುದು. ಹರೆಯದಲ್ಲಿ ಕಾಡಿದ ತಲೆನೋವು ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಬರೀ ತಲೆಸುತ್ತಾಗಿ ಮರಳುವುದು ಹಲವು ಹೆಂಗಸರಲ್ಲಿ ಕಾಣುತ್ತದೆ. ಪಿತ್ತ, ಲೋ ಬಿ.ಪಿ., ಕುತ್ತಿಗೆ ಸವೆತ ಎಂದು ವರ್ಷಗಟ್ಟಲೆ ಸುತ್ತಾಡಿದ ಮೇಲೆ ಇವರಲ್ಲಿ ಎಷ್ಟೋ ಜನರಿಗೆ ಸರಿಯಾದ ಹೆಸರು ಸಿಗುತ್ತದೆ.

ವೈದ್ಯರ ಮುಂದೆ

ಹಳೆಯ ತಲೆನೋವಿನ ವಿಷಯ ಹೇಳಿ, ಅವರು ಕೇಳದಿದ್ದರೂ ಹೇಳಿ. ತಾಯಿಗೋ ಅಕ್ಕನಿಗೋ ಇತ್ತೇ, ಚಿಕ್ಕಂದಿನಲ್ಲಿ ಬಸ್ಸು ಹತ್ತಿದರೆ ವಾಂತಿಯಾಗುತ್ತಿತ್ತೇ ಎಂಬುದನ್ನೂ ಸೇರಿಸಿ.

‘ತಲೆಸುತ್ತು’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಕೋಣೆಯೇ ಗಿರ್ರನೆ ತಿರುಗಿತೇ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂತೇ, ನಡೆಯುವಾಗ ಓಲಾಡಿದಂತಾಯಿತೇ? ಮೂರರ ಕಾರಣಗಳೂ ಬೇರೆ. ಎಷ್ಟು ಹೊತ್ತು ಇತ್ತು ಎಂಬುದನ್ನು ತಪ್ಪದೆ ಬರೆದಿಡಿ. ಅರ್ಧ ರೋಗನಿರ್ಣಯ ಅದರಲ್ಲೇ ಇದೆ. 2012ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಒಪ್ಪಿದ ಲಕ್ಷಣಪಟ್ಟಿಯ ಪ್ರಕಾರ ವೆಸ್ಟಿಬ್ಯುಲರ್ ಮೈಗ್ರೇನಿನ ಸುತ್ತು 5 ನಿಮಿಷದಿಂದ 72 ಗಂಟೆವರೆಗೆ ಇರುತ್ತದೆ, ಕನಿಷ್ಠ ಐದು ಸಲ ಬಂದಿರಬೇಕು, ಅರ್ಧದಷ್ಟು ಸಲವಾದರೂ ತಲೆನೋವೋ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದೋ, ಕಣ್ಣ ಮುಂದೆ ಮಿಂಚುಗೆರೆಯೋ ಜೊತೆಗಿರಬೇಕು. ಹಾಸಿಗೆಯಲ್ಲಿ ಮಗ್ಗುಲಾದಾಗ ಮಾತ್ರ ಒಂದು ನಿಮಿಷದೊಳಗೆ ಬಂದು ಹೋಗುವ ಸುತ್ತು ಸಾಮಾನ್ಯವಾಗಿ ಒಳಕಿವಿಯ ಹರಳು ಜಾರಿದ್ದರಿಂದ ಬಂದದ್ದು. ಅದಕ್ಕೆ ಮಾತ್ರೆಯಲ್ಲ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸುವ ಚಿಕಿತ್ಸೆ ಬೇಕು. ಕಿವಿ ಮಂದವಾಗಿ, ಗುಂಯ್‌ಗುಟ್ಟುತ್ತಿದ್ದರೆ ಕಿವಿಯ ಪರೀಕ್ಷೆ ಆಗಲೇಬೇಕು.

ಮೈಗ್ರೇನನ್ನು ತೋರಿಸುವ ಸ್ಕ್ಯಾನ್ ಇಲ್ಲ. ಎಂ.ಆರ್.ಐ. ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ರಿಪೋರ್ಟು ನಾರ್ಮಲ್ ಬಂತೆಂದು ‘ಬರೀ ಟೆನ್ಷನ್ನು’, ‘ಕೆಲಸಕ್ಕೆ ಕಳ್ಳ ಬೀಳುತ್ತಾಳೆ’ ಎನ್ನುವ ಮನೆಯವರು ಬಾಯಿ ಮುಚ್ಚಿಕೊಳ್ಳುವುದು ಒಳ್ಳೆಯದು.

ಸುತ್ತು ಹಿಡಿದಾಗ

ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ಮಲಗಿಸಿ. ಟಿ.ವಿ., ಮೊಬೈಲು, ಊದುಬತ್ತಿ ಬೇಡ. ಗುಟುಕು ಗುಟುಕಾಗಿ ನೀರು ಕೊಡಿ. ಪಿತ್ತ ಹೋಗಲಿ ಎಂದು ಗಂಟಲಿಗೆ ಬೆರಳು ಹಾಕಿ ಕಾರಿಸಬೇಡಿ. ಮೈಯ ನೀರಿನ ಜೊತೆ ನುಂಗಿದ ಮಾತ್ರೆಯೂ ಹೊರಗೆ ಹೋಗುತ್ತದೆ. ಸ್ಕೂಟರು, ಏಣಿ, ಬಾವಿಕಟ್ಟೆ, ಒಲೆಯ ಹತ್ತಿರ ಸುಳಿಯಬಾರದು.

ಮಾತ್ರೆ

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಪ್ಯಾರಾಸಿಟಮಾಲ್‌ನಂಥ ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಹಲವು ಔಷಧ ಬೆರೆತ ಮಾತ್ರೆಯನ್ನು 10 ದಿನ ಮುಟ್ಟಿದರೆ, ತಿಂಗಳುಗಳು ಕಳೆಯುವುದರೊಳಗೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸುತ್ತು ತಡೆಯುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮಾತ್ರೆಗಳು ಕೆಲವೇ ದಿನದ ಮಟ್ಟಿಗೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತಿಂಗಳುಗಟ್ಟಲೆ ಕೊಳ್ಳಬೇಡಿ. ವಯಸ್ಸಾದವರಲ್ಲಿ ಇವು ಪಾರ್ಕಿನ್ಸನ್ ಕಾಯಿಲೆಯಂತೆಯೇ ಕೈನಡುಕ, ಮೈಬಿಗಿತ ತರಬಲ್ಲವು. ಪದೇಪದೇ ಸುತ್ತು ಬರುವವರಿಗೆ ವೈದ್ಯರು ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್‌ಗಳಲ್ಲಿ ಒಂದನ್ನು ದಿನವೂ ಕೊಡಬಹುದು. ಅದರ ಗುಣ ಕಾಣಲು ವಾರಗಳು ಬೇಕು. ನಾಲ್ಕು ದಿನಕ್ಕೆ ಬಿಡಬೇಡಿ. ಆಸ್ತಮಾ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ.

ದಿನಚರಿ

ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಇದಕ್ಕೆ ರಿಯಾಯಿತಿ ಇಲ್ಲ. ಸಂಕಷ್ಟಿಯೆಂದು ಚಂದ್ರೋದಯದವರೆಗೆ ಬರಿಹೊಟ್ಟೆಯಲ್ಲಿದ್ದು ಸಂಜೆಗೆ ತಲೆ ಹಿಡಿದು ಕೂರುವವರು ಹಾಲು-ಹಣ್ಣು ತಿನ್ನಲಿ, ಗಣಪತಿ ಮುನಿಯುವುದಿಲ್ಲ. ಕಾಫಿಯನ್ನು ಏರಿಸಲೂ ಬೇಡಿ, ಒಂದೇ ದಿನ ನಿಲ್ಲಿಸಲೂ ಬೇಡಿ. ಚೀಸು, ಚಾಕೊಲೇಟು, ಹುಳಿ ಎಂದು ಕಂಡದ್ದನ್ನೆಲ್ಲ ಬಿಡುವ ಅಗತ್ಯವಿಲ್ಲ. ಏನು ತಿಂದಾಗ ಸುತ್ತು ಬಂತೆಂದು ಬರೆದಿಡಿ, ಅದರಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದದ್ದನ್ನು ಮಾತ್ರ ಬಿಡಿ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ನೋಡಿ, ಮೊಬೈಲಲ್ಲ.

ಕಾಯಬಾರದ ಸಂದರ್ಭ

ಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಒಂದು ಎರಡಾಗಿ ಕಂಡರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ, ಎಂದೂ ಬಾರದಂಥ ತಲೆನೋವು ಹಠಾತ್ತನೆ ಬಂದರೆ, ಕಿವಿ ದಿಢೀರನೆ ಕೇಳಿಸದಾದರೆ ‘ಹಳೆಯ ಮೈಗ್ರೇನೇ’ ಎಂದು ಮಲಗಿಸಬೇಡಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದು ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ಸುತ್ತನ್ನೂ ಹಗುರವಾಗಿ ನೋಡಬೇಡಿ. ಇದು ಪಾರ್ಶ್ವವಾಯು ಇರಬಹುದು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿ. ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದು. ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ನೋಡಿದವರು ರೋಗಿಯ ಜೊತೆಗೇ ಹೋಗಬೇಕು.